ಅವ್ರಾಮ್ ಪೆಶಿಚ್‌ನ ಸಾವಿನ ಚೀಟಿ

ಬಿಟ್ಟುಹೋದದ್ದು ಒಂದೇ ಒಂದು ಸಾಲು. 'ಇದು ಸಿನಿಮಾ, ನಗುವುದಕ್ಕೆ ಬನ್ನಿ' ಎಂಬ ನಾಲ್ಕು ಪದಗಳ ಸಾಲು. ಅದೊಂದು ಇದ್ದಿದ್ದರೆ ತಿಹೊಮಿರ್ ಆ ಶನಿವಾರವನ್ನು ಎಲ್ಲರ ಹಾಗೆ ಕಳೆಯುತ್ತಿದ್ದ.

ಬೆಳಗ್ಗೆ ಎಂಟಕ್ಕೆ ಬ್ರೆಡ್ಡು ತರಲು ಹೊರಟವನು ಬೇಕರಿ ಮುಂದಿನ ಲಿಂಡನ್ ಮರದ ಹತ್ತಿರ ನಿಂತುಬಿಟ್ಟ. ಮರದ ಕಾಂಡಕ್ಕೆ ಕಪ್ಪು ಅಂಚಿನ ಸಾವಿನ ಚೀಟಿ ಅಂಟಿಸಿತ್ತು. ಅವನೇ ಬರೆದುಕೊಟ್ಟದ್ದು. ಮೇಲೆ ಶಿಲುಬೆ, ನಡುವೆ ದಪ್ಪ ಮೀಸೆಯವನ ಫೋಟೋ, ಕೆಳಗೆ 'ಅಕಾರ್ಡಿಯನ್ ಶ್ರುತಿಗಾರ ಅವ್ರಾಮ್ ಪೆಶಿಚ್ ನಮ್ಮನ್ನು ಅಗಲಿದ್ದಾರೆ. ಶನಿವಾರ ಸಂಜೆ ನಾಲ್ಕಕ್ಕೆ ಸಂಸ್ಕೃತಿ ಭವನದಲ್ಲಿ ಸೇರೋಣ.' ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಬರಬೇಕಿದ್ದ ನಗುವಿನ ಸಾಲಿನ ಜಾಗದಲ್ಲಿ ಮಾತ್ರ 'ದುಃಖತಪ್ತ ಬಂಧುಬಳಗ ಮತ್ತು ಮಿತ್ರರು' ಎಂದಿತ್ತು.

ಅವ್ರಾಮ್ ಪೆಶಿಚ್ ಸಾಯುವುದು ಹಾಗಿರಲಿ, ಹುಟ್ಟಿಯೇ ಇರಲಿಲ್ಲ. ಅವನು 'ಮೂರು ಬಿಳಿ ಕಾರು' ಎಂಬ ಸಿನಿಮಾದ ಒಂದು ಪಾತ್ರ. ಇಪ್ಪತ್ತೇಳು ವರ್ಷದ ಹಿಂದೆ ಬೆಲ್‌ಗ್ರೇಡಿನಲ್ಲಿ ಆರು ದಿನ ಓಡಿ ಏಳನೇ ದಿನ ಎತ್ತಂಗಡಿಯಾದ ಸಿನಿಮಾ. ವಿಮರ್ಶಕರು ಅನ್ನಿಸಿಕೊಂಡವರು ಅರ್ಧಕ್ಕೇ ಎದ್ದು ಕಾಫಿಗೆ ಹೋದರು. ಪ್ರಶಸ್ತಿ ಕೊಡುವ ಮಂದಿ ಆ ವರ್ಷ, ಒಬ್ಬ ಕವಿ ಎರಡು ಗಂಟೆ ಕಿಟಕಿಯಾಚೆ ನೋಡುತ್ತ ಕೂರುವ ಚಿತ್ರಕ್ಕೆ ಹಾರ ಹಾಕಿದರು. ಅವರ ಕಣ್ಣಿಗೆ ಮಣ್ಣು ಹಾಕ.

ಎಂಥ ಸಿನಿಮಾ ಅದು. ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಮೂರು ಬಿಳಿ ಕಾರು ನಿಂತಿವೆ, ಒಂದರ ಹಾಗೇ ಇನ್ನೊಂದು. ಒಂದರ ಡಿಕ್ಕಿಯಲ್ಲಿ ಇಬ್ಬರು ಕಳ್ಳರು ಚರ್ಚಿನಿಂದ ಎತ್ತಿದ ಬೆಳ್ಳಿ ಸಾಮಾನು. ಇನ್ನೊಂದರಲ್ಲಿ ಮೂರಂತಸ್ತಿನ ಮದುವೆ ಕೇಕು. ಮೂರನೆಯದರಲ್ಲಿ ಅವ್ರಾಮನ ಹೆಣ. ಹೆಣ ಸಾಗಿಸುವ ಸರ್ಕಾರಿ ಕಾಗದಕ್ಕೆ ಅಲೆದು ಸುಸ್ತಾದ ಮಗ, ಅಪ್ಪನನ್ನು ತಾನೇ ಊರಿಗೆ ಒಯ್ಯುತ್ತಿದ್ದಾನೆ. ಮೂರು ಕಾರಿನವರೂ ಒಳಗೆ ಕೂತು ಬಿಸಿ ಬೀನ್ಸ್ ಸಾರು ಕುಡಿದು, ಹೊರಗೆ ಬಂದು, ತಪ್ಪು ಕಾರು ಹತ್ತುತ್ತಾರೆ. ಅಷ್ಟೇ. ಅಲ್ಲಿಂದ ಮೂರು ಕತೆಗಳೂ ಹೆಂಗಸರ ಜಡೆಯ ಮೂರು ಎಳೆಯಂತೆ ಒಂದರ ಮೇಲೊಂದು ಬೀಳುತ್ತ ಹೋಗುತ್ತವೆ, ಒಂದು ಕೂದಲೂ ಹೊರಗೆ ಚಾಚುವುದಿಲ್ಲ. ಕಳ್ಳರು ಪಾಲಿಗೆ ಕಿತ್ತಾಡಿ ಒಬ್ಬರಿಗೊಬ್ಬರು ಗುಂಡು ಹೊಡೆದುಕೊಂಡ ಮೇಲೆ ಡಿಕ್ಕಿ ತೆರೆದರೆ ಒಳಗೆ ಕೇಕು. ಸಾಯುತ್ತಿರುವವನು ಬೆರಳಲ್ಲಿ ಕೆನೆ ತೆಗೆದು ನೆಕ್ಕಿ, "ನಿಂಬೆಹಣ್ಣು ಹಾಕಿದ್ದಾರೆ" ಎಂದು ಹೇಳಿ ಕಣ್ಣು ಮುಚ್ಚುತ್ತಾನೆ.

ತಿಹೊಮಿರ್ ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟವನು. ಬಿಟ್ಟ ಅನ್ನುವುದಕ್ಕಿಂತ ಶಾಲೆಯವರೇ ಬಾಗಿಲು ತೋರಿಸಿದ್ದರು. ಆ ಚಳಿಗಾಲದಲ್ಲಿ ಯಾರೋ ಎಸೆದ ಸವೆದ ವಿಡಿಯೋ ಕ್ಯಾಸೆಟ್ಟಿನಲ್ಲಿ ಈ ಸಿನಿಮಾ ನೋಡಿದ್ದ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದ. ಬದುಕು ಇಷ್ಟು ಕೆಟ್ಟದಾಗಿದ್ದರೂ ಇಷ್ಟು ಚೆನ್ನಾಗಿ ಹೆಣೆಯಬಹುದಲ್ಲ ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು. ಈಗ ಮೂವತ್ತೊಂದು ವರ್ಷ. ಸಂಸ್ಕೃತಿ ಭವನದಲ್ಲಿ ಪ್ರೊಜೆಕ್ಟರ್ ಓಡಿಸುವವನೂ ಅವನೇ, ಕಸ ಗುಡಿಸುವವನೂ ಅವನೇ. ಆ ಕ್ಯಾಸೆಟ್ಟು ನಲವತ್ತನೇ ಸಲಕ್ಕೆ ಯಂತ್ರದೊಳಗೆ ಸಿಕ್ಕಿ ಸತ್ತಿತ್ತು.

ಸಿನಿಮಾದ ಒಂದೇ ಒಂದು ಪ್ರತಿ ಉಳಿದಿತ್ತು, ಅದನ್ನು ತೆಗೆದ ವೆಲಿಮಿರ್ ಓಸ್ತೋಯಿಚ್ ಎಂಬ ಮುದುಕನ ನೆಲಮಾಳಿಗೆಯಲ್ಲಿ. ತಿಹೊಮಿರ್ ಹನ್ನೊಂದು ಕಾಗದ ಬರೆದ. ಹನ್ನೊಂದನೆಯದಕ್ಕೆ ಉತ್ತರ ಬಂತು. ಶನಿವಾರ ಮೂರೂವರೆಯ ಬಸ್ಸಿಗೆ ರೀಲಿನ ಡಬ್ಬಿಗಳ ಜೊತೆ ಬರುತ್ತೇನೆ, ಸಭಾಂಗಣ ತುಂಬಿದ್ದರೆ ಪ್ರತಿ ನಿಮ್ಮಲ್ಲೇ ಇರಲಿ, ಖಾಲಿ ಇದ್ದರೆ ಹೋಗುವಾಗ ನಿಮ್ಮ ಸೇತುವೆ ಮೇಲಿಂದ ತಿಮೋಕ್ ಹೊಳೆಗೆ ಎಸೆದು ಹೋಗುತ್ತೇನೆ.

ಸಭಾಂಗಣ ತುಂಬಬೇಕು. ತುಂಬಿದವರು ನಗಬೇಕು. ಇನ್ನೂರು ಜನ ಒಟ್ಟಿಗೆ ನಗುವುದನ್ನು ಆ ಮುದುಕ ಒಂದು ಸಲ, ಒಂದೇ ಒಂದು ಸಲ, ಕಿವಿಯಾರೆ ಕೇಳಬೇಕು. ತಿಹೊಮಿರನಿಗೆ ಬೇಕಾಗಿದ್ದದ್ದು ಇಷ್ಟೇ. ಆದರೆ ಆ ಊರಲ್ಲಿ ಸಿನಿಮಾದ ಪೋಸ್ಟರನ್ನು ಮೂಸುವವರಿರಲಿಲ್ಲ. ಕಣ್ಣು ಕಾಣದವರೂ ನಿಂತು ಓದಿಸಿಕೊಂಡು ಹೋಗುವ ಕಾಗದ ಒಂದೇ, ಸಾವಿನ ಚೀಟಿ. ಬೆಳಗ್ಗೆ ಅದನ್ನು ಓದದೆ ಯಾರೂ ಬ್ರೆಡ್ಡು ಕೊಳ್ಳುವುದಿಲ್ಲ. ಅದಕ್ಕೇ ಪೋಸ್ಟರನ್ನೇ ಸಾವಿನ ಚೀಟಿಯ ಹಾಗೆ ಬರೆದು, ಕೆಳಗೆ ನಗುವಿನ ಸಾಲು ಹಾಕಿದರೆ ಊರಿಗೆ ಊರೇ ಬರುತ್ತದೆ ಎಂದು ಲೆಕ್ಕ ಹಾಕಿದ್ದ. ಮೂರು ದಿನ ತನ್ನ ಬುದ್ಧಿಗೆ ತಾನೇ ಬೀಗಿದ್ದ.

ಈಗ ಅವನ ಪಕ್ಕದಲ್ಲಿ ನೆರೆಮನೆಯ ಸ್ತಾನಿಕಾ ಅತ್ತೆ ನಿಂತು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದಳು. ಎಪ್ಪತ್ತೆಂಟರ ಮುದುಕಿ. ಊರಿನ ಸಾವುಗಳಿಗೆಲ್ಲ ಅವಳೇ ಮೊದಲ ಅಳು.

"ಪಾಪ, ಅವ್ರಾಮ. ಎಂಥಾ ಮನುಷ್ಯ ಹೊರಟುಹೋದ ನೋಡು," ಅಂದಳು.

"ಅತ್ತೆ, ಅಂಥ ಮನುಷ್ಯ ಇಲ್ಲ."

"ಇಲ್ಲ ಕಣೋ. ಅದಕ್ಕೇ ಅಲ್ವಾ ಚೀಟಿ ಅಂಟಿಸಿರೋದು."

ತಿಹೊಮಿರ್ ಬಿಡಿಸಿ ಹೇಳಿದ. ಇದು ಸಿನಿಮಾ, ಈ ಫೋಟೋದವನು ನಟ, ಈ ಹೆಸರು ಕಟ್ಟಿದ್ದು. ಅತ್ತೆ ಮಗುವಿನ ಮಾತು ಕೇಳುವವಳಂತೆ ತಲೆ ಓರೆ ಮಾಡಿಕೊಂಡು ಎಲ್ಲವನ್ನೂ ಕೇಳಿದಳು. ಆಮೇಲೆ ತನ್ನ ಮಾವನ ಅಕಾರ್ಡಿಯನ್ನಿನ ಗಾಳಿಚೀಲ ಹರಿದಾಗ ಹೊಲಿದು ಕೊಟ್ಟವನು ಈ ಅವ್ರಾಮನೇ ಎಂದಳು. ತನಗಾಗ ಮದುವೆಯಾಗಿ ಎರಡು ವರ್ಷ. ರಿಪೇರಿ ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ನುಡಿಸಿದ, ತಾನು ಅಂಗಳದಲ್ಲಿ ಕುಣಿದೆ, ಮಾವ ಬೈದ. ಇಷ್ಟನ್ನೂ ಹೇಳುವಾಗ ಅವಳ ಕೆನ್ನೆ ಕೆಂಪಾಗಿತ್ತು. ಸುಳ್ಳಿಗೆ ಕೆನ್ನೆ ಕೆಂಪಾಗುವುದನ್ನು ತಿಹೊಮಿರ್ ಎಲ್ಲೂ ಕಂಡಿರಲಿಲ್ಲ.

ಅವಳನ್ನು ಅಲ್ಲೇ ಬಿಟ್ಟು ಗ್ರಾಡಿಮಿರನ ಮುದ್ರಣದಂಗಡಿಗೆ ಓಡಿದ.

ಗ್ರಾಡಿಮಿರ್ ಮೂವತ್ತು ವರ್ಷದಿಂದ ಊರಿನ ಸಾವಿನ ಚೀಟಿ ಅಚ್ಚು ಹಾಕುವವನು. ಮದುವೆ ಕಾಗದಕ್ಕೂ ಅವನ ಕೈ ತಾನಾಗಿ ಕಪ್ಪು ಅಂಚು ಹಾಕುತ್ತಿತ್ತಂತೆ. ನಗುವಿನ ಸಾಲು ಎಲ್ಲಿ ಎಂದು ಕೇಳಿದ್ದಕ್ಕೆ ಅವನು ಕನ್ನಡಕವನ್ನು ಹಣೆಗೇರಿಸಿ, ದುಃಖದಲ್ಲಿ ಜನ ಏನೇನೋ ಬರೆದುಕೊಂಡು ಬರುತ್ತಾರೆ, ಎಲ್ಲವನ್ನೂ ಅಚ್ಚು ಹಾಕುವುದಕ್ಕಾಗುತ್ತದೆಯೇ ಎಂದ. ಹೋದ ವರ್ಷ ಒಬ್ಬಳು ಗಂಡನ ಚೀಟಿಗೆ 'ಕೊನೆಗೂ' ಎಂದು ಬರೆದು ತಂದಿದ್ದಳು. ಅದನ್ನೂ ತೆಗೆದೆ. ಈಗ ಅವಳು ನನ್ನನ್ನು ಕಂಡಾಗಲೆಲ್ಲ ಕೈಮುಗಿಯುತ್ತಾಳೆ.

"ಎಷ್ಟು ಕಡೆ ಅಂಟಿಸಿದ್ದೀರಿ?"

"ಯಾವಾಗಿನ ಹಾಗೆ. ನಲವತ್ತು ಕಡೆ. ಸೂರ್ಯ ಹುಟ್ಟೋಕೆ ಮುಂಚೆ ನಾನೇ ಹೋಗಿ ಅಂಟಿಸಿದೆ. ನಿಮ್ಮ ಕಡೆಯವನು, ತೀರಿಕೊಂಡವನು. ನಿಂಗೆ ಏನಾಗ್ಬೇಕು ಮಗಾ?"

"ಏನೂ ಆಗ್ಬೇಕಿಲ್ಲ. ಅವನು ಇಲ್ಲವೇ ಇಲ್ಲ."

ಗ್ರಾಡಿಮಿರ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಮೊದಮೊದಲು ಹಾಗೇ ಅನ್ನಿಸುತ್ತದೆ, ಅಮ್ಮ ಹೋದಾಗ ತನಗೂ ಮೂರು ವಾರ ಹಾಗೇ ಅನ್ನಿಸಿತ್ತು ಎಂದ.

ಕಿತ್ತು ಹಾಕೋಣವೆಂದರೆ ಆಗುವ ಮಾತಲ್ಲ. ಮಳೆ ತೊಳೆಯಬಹುದು, ಬಿಸಿಲು ಬಿಳಿಚಿಸಬಹುದು, ಮೇಲೆ ಇನ್ನೊಬ್ಬ ಸತ್ತವನು ಕೂರಬಹುದು. ಆದರೆ ಮನುಷ್ಯನ ಕೈ ಸಾವಿನ ಚೀಟಿಯನ್ನು ಕಿತ್ತರೆ ಆ ಕೈಯನ್ನು ಊರು ಬಿಡುವುದಿಲ್ಲ. ಚುನಾವಣೆಗೆ ನಿಂತವರು ಕೂಡ ತಮ್ಮ ಮುಖವನ್ನು ಚೀಟಿಯ ಪಕ್ಕಕ್ಕೆ ಅಂಟಿಸುತ್ತಾರೆ, ಮೇಲಕ್ಕಲ್ಲ. ತಿಹೊಮಿರ್ ಅದಕ್ಕೊಂದು ಉಪಾಯ ಮಾಡಿದ. ಕೀಳುವುದು ಬೇಡ, ಪೆನ್ನಿನಲ್ಲಿ ಬರೆದರಾಯಿತು. ಕ್ಷೌರದಂಗಡಿ ಮುಂದಿನ ಕಂಬದ ಚೀಟಿಯ ಕೆಳಗೆ 'ಇದು ಸಿನಿಮಾ' ಎಂದು ಬರೆಯತೊಡಗಿದ. 'ಇದು' ಮುಗಿದು 'ಸಿ' ಶುರುವಾಗುವಷ್ಟರಲ್ಲಿ ಹಿಂದಿನಿಂದ ಒಂದು ಒದ್ದೆ ಟವೆಲ್ಲು ಬಂದು ಕುತ್ತಿಗೆಗೆ ಫಟ್ಟೆಂದು ಬಿತ್ತು.

ಕ್ಷೌರಿಕ ರಾಶ್ಕೋ ಎಪ್ಪತ್ತನಾಲ್ಕರ ಗಟ್ಟಿ ಆಳು. ಅರ್ಧ ಕ್ಷೌರ ಮಾಡಿಸಿಕೊಂಡ ಗಿರಾಕಿಯೊಬ್ಬ, ಮುಖದ ಒಂದು ಕಡೆ ನೊರೆ ಹೊತ್ತು, ಅವನ ಹಿಂದೆ ಸಾಕ್ಷಿಗೆ ನಿಂತಿದ್ದ.

"ಸತ್ತವನ ಮೀಸೆಗೆ ಗೀಚ್ತೀಯೇನೋ ಕತ್ತೆ? ಇವನಪ್ಪ ನೋಡಿದ್ರೆ ಏನಂತಿದ್ದ," ಎಂದು ರಾಶ್ಕೋ ಗಿರಾಕಿಯ ಕಡೆ ತಿರುಗಿ ಹೇಳಿದ.

ತಿಹೊಮಿರ್ ಮತ್ತೆ ಮೊದಲಿನಿಂದ ಹೇಳಿದ. ಸಿನಿಮಾ, ನಟ, ಕಟ್ಟಿದ ಹೆಸರು. ಅಷ್ಟರಲ್ಲಿ ಏಳೆಂಟು ಜನ ಸೇರಿದ್ದರು. ರಾಶ್ಕೋ ಕೇಳಿದ್ದು ಒಂದೇ ಪ್ರಶ್ನೆ. ಇವನು ಸಿನಿಮಾದವನಾದರೆ, ಇವನ ಮೀಸೆಯನ್ನು ಈ ಕೈಯಿಂದ ಕತ್ತರಿಸಿದ್ದು ಯಾರು? ತಾನಿನ್ನೂ ಕೆಲಸ ಕಲಿಯುತ್ತಿದ್ದ ಕಾಲ. ಬಲಗಡೆ ಸ್ವಲ್ಪ ಹೆಚ್ಚು ಕತ್ತರಿಸಿಬಿಟ್ಟೆ. ಪುಣ್ಯಾತ್ಮ ಒಂದು ಮಾತು ಆಡಲಿಲ್ಲ. "ಕೂದಲು ತಾನೇ, ಶ್ರುತಿ ಕೆಟ್ಟಿಲ್ಲವಲ್ಲ" ಅಂದು ನಕ್ಕ. ಇಷ್ಟು ಹೇಳಿ ರಾಶ್ಕೋ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ನೊರೆ ಮುಖದವನೂ ಒರೆಸಿಕೊಂಡ. ಅವನಿಗೂ ಅಕಾರ್ಡಿಯನ್ ಸಂಬಂಧದ ಒಂದು ನೆನಪು ಬರತೊಡಗಿತ್ತು.

ಇದರ ಗುಟ್ಟು ತಿಹೊಮಿರನಿಗೆ ತಿಳಿಯದ್ದೇನಲ್ಲ. ಬಡಪಾಯಿಗಳು ಸತ್ತರೆ ಗೋರಿಯ ಬಳಿ ನಾಲ್ಕು ಮಾತಾಡಿ ಮುಗಿಸುತ್ತಾರೆ. ಸಂಸ್ಕೃತಿ ಭವನದಲ್ಲಿ ಶ್ರದ್ಧಾಂಜಲಿ ಸಭೆ ಎಂದರೆ ದೊಡ್ಡವರಿಗೆ ಮಾತ್ರ. ಹಿಂದೊಮ್ಮೆ ಹೆಡ್ಮಾಸ್ಟರಿಗೆ, ಇನ್ನೊಮ್ಮೆ ದೊಡ್ಡ ಡಾಕ್ಟರಿಗೆ ಆಗಿತ್ತು. ಅಂಥ ಮನುಷ್ಯನೊಬ್ಬ ಈ ಊರಲ್ಲಿ ಓಡಾಡಿದ್ದ, ತನಗೆ ಮಾತ್ರ ಅವನ ಪರಿಚಯವಿರಲಿಲ್ಲ ಎಂದು ಒಪ್ಪಿಕೊಳ್ಳುವ ಎದೆ ಅಲ್ಲಿ ಯಾರಿಗಿತ್ತು? ಚೀಟಿಯಲ್ಲಿ ವಯಸ್ಸು ಬೇರೆ ಹಾಕಿರಲಿಲ್ಲ. ಹಾಗಾಗಿ ಎಲ್ಲರ ನೆನಪಿಗೂ ಅದರಲ್ಲಿ ಜಾಗವಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅವ್ರಾಮ್ ಪೆಶಿಚ್ ಈ ಊರಲ್ಲಿ ರಿಪೇರಿ ಮಾಡಿದ ಅಕಾರ್ಡಿಯನ್‌ಗಳ ಸಂಖ್ಯೆ ಊರಲ್ಲಿದ್ದ ಅಕಾರ್ಡಿಯನ್‌ಗಳ ಸಂಖ್ಯೆಯನ್ನು ಮೀರಿತ್ತು.

ಕೊನೆಯ ಆಸೆಯೆಂದು ಪಾದ್ರಿಗಳ ಮನೆಗೆ ಹೋದ. ಪಾದ್ರಿಗಳು ಓದಿದವರು, ಸಮಾಧಾನದ ಮನುಷ್ಯ. ತಿಹೊಮಿರ್ ಹೇಳಿದ್ದನ್ನೆಲ್ಲ ಕೇಳಿದರು. ಆ ದಿನ ಅವನನ್ನು ನಂಬಿದವರು ಅವರೊಬ್ಬರೇ. ತಮಗೆ ಬೆಳಗ್ಗೆಯೇ ಅನುಮಾನ ಬಂದಿತ್ತು, ದೀಕ್ಷಾಸ್ನಾನದ ಪುಸ್ತಕ ತಿರುವಿ ನೋಡಿದೆ, ಅಂಥ ಹೆಸರಿಲ್ಲ ಎಂದರು. ತಿಹೊಮಿರನಿಗೆ ಉಸಿರು ಮರಳಿತು. ಹಾಗಾದರೆ ಗಂಟೆ ಹೊಡೆಸಿ ಜನಕ್ಕೆ ಹೇಳಿಬಿಡಿ ಎಂದ.

ಪಾದ್ರಿಗಳು ಗಡ್ಡ ನೀವಿಕೊಂಡರು.

"ಅದೇ ಕಷ್ಟ ನೋಡು. ಬೆಳಗ್ಗೆ ಸ್ತಾನಿಕಾ ಬಂದು ಕೇಳಿದಾಗ, ಹೌದು, ಅವರು ನಮ್ಮ ಚರ್ಚಲ್ಲಿ ಒಂದು ಸಲ ಹಾಡಿದ್ರು, ನಾನಾಗ ಸಣ್ಣ ಹುಡುಗ ಅಂದ್ಬಿಟ್ಟೆ."

"ಯಾಕಂದ್ರಿ?"

"ಎಲ್ರಿಗೂ ಗೊತ್ತಿದ್ದ ಮನುಷ್ಯ ಪಾದ್ರಿಗೆ ಗೊತ್ತಿಲ್ಲ ಅಂದ್ರೆ ಹೇಗಯ್ಯ? ಈಗ ತಿರುಗಿಸಿ ಹೇಳಿದ್ರೆ ಪಾದ್ರಿ ಸುಳ್ಳುಗಾರ ಅಂತಾಗುತ್ತೆ. ನಾಲ್ಕಕ್ಕೆ ನಾನೂ ಬರ್ತೀನಿ. ಸಣ್ಣದೊಂದು ಪ್ರಾರ್ಥನೆ ಮಾಡಿ ಮುಗಿಸ್ತೀನಿ, ನಿನ್ನ ಸಿನಿಮಾಕ್ಕೆ ತೊಂದರೆ ಮಾಡಲ್ಲ."

ತಿಹೊಮಿರ್ ಮೆಟ್ಟಿಲಿಳಿದು ಬಂದು ರಸ್ತೆಯ ಮೇಲಿದ್ದ ಒಂದು ಕಲ್ಲನ್ನು ಒದ್ದ. ಅದು ನೆಲದಲ್ಲಿ ಹೂತ ಕಲ್ಲು. ಅಲ್ಲಿಂದ ಮುಂದಿನ ಕತೆಯಲ್ಲೆಲ್ಲ ಅವನು ಕುಂಟುತ್ತಲೇ ಇರುತ್ತಾನೆ.

ಮಧ್ಯಾಹ್ನ ಎರಡಕ್ಕೆ ಭವನದ ಬಾಗಿಲು ತೆಗೆಯಲು ಹೋದರೆ ಬಾಗಿಲು ಆಗಲೇ ತೆಗೆದಿತ್ತು. ಸ್ತಾನಿಕಾ ಅತ್ತೆ ತನ್ನ ಪಡೆಯೊಂದಿಗೆ ಒಳಗಿದ್ದಳು. ಸಾವಾದ ಮನೆಯಲ್ಲಿ ಮಾಡುವ ಹಾಗೆ ಹೊರಗಿನ ಪಡಸಾಲೆಯ ಕನ್ನಡಿಗೆ ಕಪ್ಪು ಬಟ್ಟೆ ಬಿದ್ದಿತ್ತು. ಟಿಕೆಟ್ಟಿನ ಮೇಜಿನ ಮೇಲೆ, ಸತ್ತವರ ಹೆಸರಲ್ಲಿ ಹಂಚುವ ಸಿಹಿ ಗೋಧಿ ಬೇಯಿಸಿ ದೊಡ್ಡ ಬೋಗುಣಿಯಲ್ಲಿ ಇಟ್ಟಿದ್ದರು, ಪಕ್ಕದಲ್ಲಿ ಪ್ಲಮ್ ಹಣ್ಣಿನಿಂದ ಇಳಿಸಿದ ರಾಕಿಯಾ ಎಂಬ ಸಾರಾಯಿಯ ನಾಲ್ಕು ಬಾಟಲಿ. ಬೆಳ್ಳಿತೆರೆಯ ಎರಡೂ ಬದಿಗೆ ಕರಿಯ ರಿಬ್ಬನ್. ತೆರೆಯ ಮುಂದೆ ಅವ್ರಾಮನ ಫೋಟೋ, ಮೇಣದ ಬತ್ತಿ. ಫೋಟೋವನ್ನು ಗ್ರಾಡಿಮಿರ್ ದೊಡ್ಡದು ಮಾಡಿಸಿ ತಂದಿದ್ದ, ಅದೂ ಪುಕ್ಕಟೆ. ಮೂವತ್ತು ವರ್ಷದಲ್ಲಿ ಅವನು ಪುಕ್ಕಟೆ ಮಾಡಿದ ಮೊದಲ ಕೆಲಸ ಅದು. ಆ ಫೋಟೋ ನೋಡಿದಾಗ ತಿಹೊಮಿರನಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಇಪ್ಪತ್ತೇಳು ವರ್ಷದಲ್ಲಿ ಈ ಸಿನಿಮಾಕ್ಕೆ ಇಷ್ಟು ಮರ್ಯಾದೆ ಯಾರು ಕೊಟ್ಟಿದ್ದರು?

ಆಗ ಅವನಿಗೆ ಒಂದು ಧೈರ್ಯ ಬಂತು. ಅಳುತ್ತ ಬರಲಿ, ಬಿಡು. ಬಂದರಾಯಿತು. ಈ ಸಿನಿಮಾದ ಶಕ್ತಿ ತನಗೆ ಗೊತ್ತಿಲ್ಲವೇ? ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಕಾರುಗಳು ಬದಲಾದ ಮೇಲೆ ಕಲ್ಲು ಕೂಡ ನಗುತ್ತದೆ. ಅಳುವವರನ್ನು ನಗಿಸಿದರೆ ಅದರ ಸದ್ದೇ ಬೇರೆ. ಮುದುಕ ಅದನ್ನು ಕೇಳಿ ಹೋಗಲಿ.

ಮೂರೂ ಮುಕ್ಕಾಲಿಗೆ ಸಭಾಂಗಣ ತುಂಬಿತು. ಕುರ್ಚಿ ಸಾಲದೆ ಬೇಕರಿಯಿಂದ ಬೆಂಚು ತಂದರು. ಇನ್ನೂರು ಜನ, ಎಲ್ಲರೂ ಕಪ್ಪು ಬಟ್ಟೆಯಲ್ಲಿ, ತಂತಿಯ ಮೇಲೆ ಕೂತ ಕಾಗೆಗಳ ಹಾಗೆ ಒತ್ತಿಕೊಂಡು ಕೂತರು. ತಿಹೊಮಿರ್ ಬಸ್ ನಿಲ್ದಾಣದಿಂದ ವೆಲಿಮಿರ್ ಓಸ್ತೋಯಿಚ್‌ರನ್ನು ಕರೆತಂದ. ಎಪ್ಪತ್ತೊಂದರ ಎತ್ತರದ ಒಣಕಲು ಮನುಷ್ಯ, ಟೋಪಿ, ಎರಡು ಕೈಯಲ್ಲೂ ತವರದ ಡಬ್ಬಿಗಳು. ತಿಹೊಮಿರ್ ಹದಿನೈದು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಹೊಗಳಿಕೆಯೆಲ್ಲ ನಾಲಿಗೆಯ ಬುಡದಲ್ಲೇ ಒಣಗಿತು. ಎದುರಿಗೆ ನಡೆಯುತ್ತಿದ್ದವನು ದೇವರು. ದೇವರ ಹತ್ತಿರ ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ ಎಂದು ಕೇಳಿದ. ಅಷ್ಟೇ ಸಾಧ್ಯವಾದದ್ದು.

ಭವನದ ಬಾಗಿಲಿಗೆ ಬಂದಾಗ ಮುದುಕ ಚೀಟಿಯ ಮುಂದೆ ನಿಂತ. ಓದಿದ. ಇನ್ನೊಂದು ಸಲ ಓದಿದ. ಈಗ ಡಬ್ಬಿ ಎತ್ತಿಕೊಂಡು ಸೇತುವೆ ಕಡೆ ಹೊರಡುತ್ತಾನೆ ಎಂದು ತಿಹೊಮಿರ್ ಅಂದುಕೊಂಡ. ಮುದುಕ ಡಬ್ಬಿಗಳನ್ನು ತಿಹೊಮಿರನ ಕೈಗೆ ಕೊಟ್ಟು, ಟೋಪಿ ತೆಗೆದು, ಒಳಗೆ ಕಾಲಿಟ್ಟ.

ಬಾಗಿಲಲ್ಲೇ ಸ್ತಾನಿಕಾ ಅತ್ತೆ ಅವನ ಕೈ ಹಿಡಿದಳು, ಗೋಧಿ ಕೊಟ್ಟಳು. ರಾಶ್ಕೋ ರಾಕಿಯಾ ಕೊಟ್ಟ, ಸತ್ತವನ ಪಾಲೆಂದು ನೆಲಕ್ಕೆ ಒಂದು ಹನಿ ಚೆಲ್ಲಿ ತಾನೂ ಕುಡಿದ. ತಿಹೊಮಿರ್ ಡಬ್ಬಿಗಳನ್ನು ಹೊತ್ತು ಕುಂಟುತ್ತ ಮೇಲಿನ ಪ್ರೊಜೆಕ್ಟರ್ ಕೋಣೆಗೆ ಹೋಗಲೇಬೇಕಿತ್ತು. ರೀಲು ಹಾಕುತ್ತ ಅಲ್ಲಿನ ಸಣ್ಣ ಕಿಟಕಿಯಿಂದ ಇಣುಕಿ ನೋಡಿದರೆ, ಮುಂದಿನ ಸಾಲಿನಲ್ಲಿ ಮುದುಕನ ಸುತ್ತ ಜನ ಮುತ್ತಿಕೊಂಡಿದ್ದರು. ಮಾತು ಕೇಳಿಸುತ್ತಿರಲಿಲ್ಲ. ಆದರೆ ರಾಶ್ಕೋನ ಬೆರಳು ಗಾಳಿಯಲ್ಲಿ ಮೀಸೆ ಕತ್ತರಿಸುವುದು ಕಂಡಿತು, ಅತ್ತೆ ಕೂತಲ್ಲೇ ಭುಜ ಕುಣಿಸುವುದು ಕಂಡಿತು, ಪಾದ್ರಿಗಳು ಕಣ್ಣು ಮುಚ್ಚಿ ಹಾಡಿನ ಒಂದು ಸಾಲು ತೋರಿಸುವುದು ಕಂಡಿತು. ಮುದುಕ ಕತ್ತು ಬಗ್ಗಿಸಿ ಒಬ್ಬೊಬ್ಬರದನ್ನೇ ಕೇಳುತ್ತಿದ್ದ. ಇವರೆಲ್ಲ ಸೇರಿ ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ಮುದುಕನಿಗೆ ಅನ್ನಿಸಿದರೆ? ತಿಹೊಮಿರ್ ಬೇಗಬೇಗ ದೀಪ ಆರಿಸಿದ.

ಸಿನಿಮಾ ಶುರುವಾಯಿತು. ಮೊದಲ ಹತ್ತು ನಿಮಿಷ ಅವ್ರಾಮ್ ಬದುಕಿರುತ್ತಾನೆ. ಮಳೆಯಲ್ಲಿ ಸೈಕಲ್ಲು ತಳ್ಳುತ್ತ ಊರೂರು ಸುತ್ತಿ, ಅಕಾರ್ಡಿಯನ್ನಿಗೆ ಕಿವಿಯಿಟ್ಟು, ಮಗುವಿನ ಎದೆಬಡಿತ ಕೇಳುವ ವೈದ್ಯನಂತೆ ಶ್ರುತಿ ಹುಡುಕುತ್ತಾನೆ. ಸಭಾಂಗಣದಲ್ಲಿ ಒಂದು ನಿಟ್ಟುಸಿರು ಎದ್ದಿತು. ಬದುಕಿದ್ದಾಗಲೇ ತೆಗೆದಿಟ್ಟಿದ್ದಾರಲ್ಲ, ಪುಣ್ಯ, ಎಂದು ಯಾರೋ ಹೇಳಿದರು. ಆಸ್ಪತ್ರೆಯಲ್ಲಿ ಅವನು ಕಣ್ಣು ಮುಚ್ಚಿದಾಗ ಇನ್ನೂರು ಜನರೂ ಶಿಲುಬೆ ಗುರುತು ಹಾಕಿಕೊಂಡರು. ಕಾರುಗಳು ಬದಲಾದವು. ತಿಹೊಮಿರ್ ಕಿಟಕಿಗೆ ಕಿವಿಯಿಟ್ಟು ಕಾದ. ಯಾರೂ ನಗಲಿಲ್ಲ. ಸಾಯುವ ಕಳ್ಳ ಕೆನೆ ನೆಕ್ಕಿದ. ಯಾರೂ ನಗಲಿಲ್ಲ. ಅವನೂ ಒಬ್ಬ ತಾಯಿಯ ಮಗನೇ ಅಲ್ಲವೇ ಎಂದು ಅತ್ತೆಯ ದನಿ ಕೇಳಿಸಿತು. ಮದುವೆ ಮನೆಯಲ್ಲಿ ಕೇಕಿನ ಬದಲು ಅವ್ರಾಮ ಬಂದಿಳಿದು, ಕುಡಿದ ವಾದ್ಯದವರು ಅವನನ್ನು ನಿದ್ದೆಗೆ ಬಿದ್ದ ಬೀಗರೆಂದು ತಿಳಿದು ಕುರ್ಚಿಸಮೇತ ಎತ್ತಿ ಕುಣಿಸುವಾಗಲಂತೂ ಅಳು ಕಟ್ಟೆಯೊಡೆಯಿತು. ಎಲ್ಲರೂ ಅವನನ್ನು ಎಷ್ಟು ಪ್ರೀತಿಸುತ್ತಿದ್ದರು ನೋಡಿ ಎಂದು ರಾಶ್ಕೋ ಗಟ್ಟಿಯಾಗಿಯೇ ಹೇಳಿದ.

ತಿಹೊಮಿರನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಭೂಮಿಯ ಮೇಲಿನ ಅತಿ ತಮಾಷೆಯ ಸಿನಿಮಾವನ್ನು ಇವರು ಈರುಳ್ಳಿಯ ಹಾಗೆ ಹೆಚ್ಚುತ್ತ ಕೂತಿದ್ದರು.

ಆಮೇಲೆ ಗೋರಿಯ ದೃಶ್ಯ ಬಂತು. ಮಗ ಊರು ತಲುಪಿದ್ದಾನೆ. ನೆಂಟರು, ಪಾದ್ರಿ, ಗುಂಡಿ, ಎಲ್ಲ ಸಿದ್ಧ. ಮಗ ಗಂಭೀರವಾಗಿ ಡಿಕ್ಕಿ ತೆರೆಯುತ್ತಾನೆ. ಒಳಗೆ ಅದೇ ಚರ್ಚಿನಿಂದ ಕಳುವಾದ ಬೆಳ್ಳಿ. ಪಾದ್ರಿ ಮಂಡಿಯೂರಿ, ಪುಣ್ಯವಂತನ ದೇಹ ಬೆಳ್ಳಿಯಾಯಿತು, ಪವಾಡ, ಎಂದು ಕೈ ಮೇಲೆತ್ತುತ್ತಾನೆ. ಆಗ ಮಗನ ಮುಖ ತೆರೆಯ ತುಂಬ ಬರುತ್ತದೆ. ಬಾಯಿ ತೆರೆದಿದೆ, ಮುಚ್ಚಲು ಬರುತ್ತಿಲ್ಲ. ಹೌದೆನ್ನುವುದೋ ಅಲ್ಲವೆನ್ನುವುದೋ ತಿಳಿಯದೆ ಕಿವಿ ಮಾತ್ರ ಅಲ್ಲಾಡುತ್ತದೆ. ನಲವತ್ತು ಸಲ ನೋಡಿದ್ದರೂ ತಿಹೊಮಿರನಿಗೆ ಆ ಕಿವಿಯನ್ನು ತಡೆದುಕೊಳ್ಳುವುದಾಗಿರಲಿಲ್ಲ. ನಲವತ್ತೊಂದನೆಯ ಸಲವೂ ಆಗಲಿಲ್ಲ. ಬೆಳಗ್ಗೆಯಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಸೇರಿ ನಗು ಪ್ರೆಷರ್ ಕುಕ್ಕರಿನ ಹಾಗೆ ಸಿಡಿಯಿತು. ಹೊಟ್ಟೆ ಹಿಡಿದುಕೊಂಡು, ಯಂತ್ರಕ್ಕೆ ಆತುಕೊಂಡು, ಕುಂಟುಗಾಲಿನಲ್ಲಿ ನೆಲ ಕುಟ್ಟುತ್ತ ನಕ್ಕ. ಆ ಸಣ್ಣ ಕಿಟಕಿ ಅವನ ನಗುವನ್ನು ಧ್ವನಿವರ್ಧಕದಂತೆ ಕೆಳಗೆ ಎರಚಿತು.

ಇನ್ನೂರು ತಲೆ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಮುಂದಿನ ಸಾಲಿನಲ್ಲಿ ಒಬ್ಬ ಎತ್ತರದ ಮನುಷ್ಯ ಎದ್ದು ನಿಂತ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದಾಗ ತಿಹೊಮಿರನಿಗೆ ಬಂದದ್ದು ಹೆದರಿಕೆಯಲ್ಲ, ಖುಷಿ. ಕೊನೆಗೂ ಒಬ್ಬ ನಕ್ಕನಲ್ಲ ಎಂದು ಅಪ್ಪಿಕೊಳ್ಳುವುದಕ್ಕೇ ಬರುತ್ತಿದ್ದಾನೆ ಅಂದುಕೊಂಡ. ಕಣ್ಣೀರು ಒರೆಸಿಕೊಂಡು ಅಂಗಿ ಸರಿಮಾಡಿಕೊಂಡ.

ಬಾಗಿಲು ತೆರೆಯಿತು. ಮುದುಕನ ಕಣ್ಣು ಕೆಂಪಾಗಿತ್ತು.

"ಯಾಕೆ ನಕ್ಕೆ?"

"ಗುರುಗಳೇ, ಆ ಮುಖ. ಆ ಮಗನ ಮುಖ. ಅಷ್ಟು ಪೆದ್ದು ಮುಖ ನಾನು ಎಲ್ಲೂ ನೋಡಿಲ್ಲ."

"ಅದು ನನ್ನ ಮುಖ," ಎಂದ ಮುದುಕ.

ಯಂತ್ರ ತನ್ನಷ್ಟಕ್ಕೆ ಗಿರಿಗಿರಿ ತಿರುಗುತ್ತಿತ್ತು. ಮುದುಕ ಒಂದೇ ಸಮನೆ, ದನಿ ಏರಿಸದೆ ಹೇಳಿದ. ಅವ್ರಾಮ್ ತನ್ನ ಅಪ್ಪ, ಮನೆತನದ ಹೆಸರೊಂದನ್ನೇ ಬದಲಾಯಿಸಿದ್ದು. ಸೈಕಲ್ಲಿನ ಮೇಲೆ ಈ ಸೀಮೆಯ ಊರೂರು ತಿರುಗಿ ಅಕಾರ್ಡಿಯನ್ ರಿಪೇರಿ ಮಾಡುತ್ತಿದ್ದ. ಅಪ್ಪನ ಹೆಣವಿದ್ದ ಕಾರನ್ನು ಹೋಟೆಲಿನ ಮುಂದೆ ನಿಲ್ಲಿಸಿ ಸಾರು ಕುಡಿಯಲು ಹೋದವನು ತಾನೇ. ಎರಡು ದಿನ ಅಪ್ಪ ಸಿಗಲಿಲ್ಲ. ಆ ಎರಡು ದಿನವನ್ನು ಹೇಗಾದರೂ ಯಾರಿಗಾದರೂ ಹೇಳಬೇಕು ಎಂದು ಸಿನಿಮಾ ತೆಗೆದೆ. ಕಾಸು ಹಾಕಿದವನು ನೋಡಿ ನಕ್ಕ, ಪೋಸ್ಟರಿನ ಮೇಲೆ 'ಹೊಟ್ಟೆ ಹುಣ್ಣಾಗುವಷ್ಟು ನಗು' ಎಂದು ಅಚ್ಚು ಹಾಕಿಸಿದ. ಬಂದ ನಾಲ್ಕು ಜನರೂ ನಕ್ಕರು. ಏಳನೇ ದಿನ ತಾನೇ ಹೋಗಿ ಸಿನಿಮಾ ಎತ್ತಂಗಡಿ ಮಾಡಿಸಿದೆ.

"ಇಪ್ಪತ್ತೇಳು ವರ್ಷ ಆಯ್ತು. ಇವತ್ತು ಮೊದಲನೇ ಸಲ ಜನ ಇದನ್ನ ನೋಡಿದ್ದಾರೆ," ಎಂದು ಮುದುಕ ಕಿಟಕಿಯತ್ತ ಕೈ ತೋರಿಸಿದ. "ಎಂಥಾ ಜನ. ಆ ಅಜ್ಜಿ ಮುಂದೆ ನಮ್ಮಪ್ಪ ನುಡಿಸಿದ್ದನಂತೆ. ಆ ಕ್ಷೌರದವನ ಹತ್ರ ಅಂದ ಮಾತಿದೆಯಲ್ಲ, ಅದು ನಮ್ಮಪ್ಪನದೇ ಮಾತು, ಹಾಗೇ ಅಂತಿದ್ದ. ಪ್ರತಿ ಈ ಊರಲ್ಲೇ ಇರಲಿ ಅಂತ ಪಾದ್ರಿಗಳಿಗೆ ಹೇಳಿದೀನಿ, ಚರ್ಚಲ್ಲಿ ಇಟ್ಕೋತಾರೆ. ವರ್ಷಕ್ಕೊಂದು ಸಲ ಇವರು ಇದನ್ನ ನೋಡ್ತಾರೆ. ನೀನು ಮಾತ್ರ ಇದನ್ನ ಮುಟ್ಟಬಾರದು."

ತಿಹೊಮಿರನ ಬಾಯಿ ತೆರೆಯಿತು. ಹೇಳಲು ಬೇಕಾದಷ್ಟಿತ್ತು. ಈ ಸಿನಿಮಾವನ್ನು ಪ್ರೀತಿಸಿದವನು ಭೂಮಿಯ ಮೇಲೆ ತಾನೊಬ್ಬನೇ. ಕೆಳಗೆ ಕೂತ ಇನ್ನೂರು ಜನರಲ್ಲಿ ಒಬ್ಬನೂ ನಿಮ್ಮ ಅಪ್ಪನನ್ನು ಕಂಡಿಲ್ಲ. ಅಜ್ಜಿ ಕುಣಿದಿಲ್ಲ, ರಾಶ್ಕೋ ಮೀಸೆ ಕತ್ತರಿಸಿಲ್ಲ, ಪಾದ್ರಿಗಳು ತಮ್ಮ ಬಾಯಿಂದಲೇ ಒಪ್ಪಿಕೊಂಡಿದ್ದಾರೆ. ಒಂದು ಮಾತು ಸಾಕಿತ್ತು. ಪ್ರತಿ ಮತ್ತೆ ತನ್ನ ಕೈಗೇ ಬರಬಹುದಿತ್ತು.

ಮುದುಕ ಅಷ್ಟರಲ್ಲಿ ಸ್ವಲ್ಪ ಮೆತ್ತಗಾಗಿ ಕೇಳಿದ. "ಊರಿಗೆಲ್ಲ ಗೊತ್ತು ನಮ್ಮಪ್ಪ. ನಿಂಗೆ ಗೊತ್ತಿರಲಿಲ್ಲವೇನಪ್ಪ?"

ತಿಹೊಮಿರ್ ಆ ಮುಖ ನೋಡಿದ. ಎಷ್ಟೋ ವರ್ಷದ ಹಿಂದೆ ತಪ್ಪು ಕಾರು ಹತ್ತಿದವನ ಮುಖ, ಈಗಷ್ಟೇ ಸರಿಯಾದ ಊರಲ್ಲಿ ಇಳಿದಿತ್ತು. ತೆರೆದ ಬಾಯಿ ಮುಚ್ಚಿಕೊಂಡ. ಬೆಳಗ್ಗೆಯಿಂದ ಸತ್ಯ ಹೇಳಿ ಹೇಳಿ ಒದ್ದೆ ಟವೆಲ್ಲಿನ ಏಟು ತಿಂದ ಆ ಮನುಷ್ಯ, ಆ ದಿನದ ತನ್ನ ಮೊದಲ ಸುಳ್ಳು ಹೇಳಿದ.

"ಗೊತ್ತಿಲ್ಲದೆ ಏನು ಗುರುಗಳೇ. ನಾನು ಹುಡುಗ ಆಗಿದ್ದಾಗ ನಮ್ಮನೆ ಅಕಾರ್ಡಿಯನ್ ಅವರೇ ಸರಿ ಮಾಡಿ ಕೊಟ್ಟಿದ್ದು. ನನ್ನ ತಲೆ ಸವರಿದ್ರು."

ಮುದುಕ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ನಿನ್ನ ವಯಸ್ಸೆಷ್ಟು?"

"ಮೂವತ್ತೊಂದು."

"ನಮ್ಮಪ್ಪ ಸತ್ತು ನಲವತ್ತೊಂಬತ್ತು ವರ್ಷ."

ಕೆಳಗೆ ಯಾರೋ ಮೂಗು ಸೀಟಿದರು. ಮುದುಕ ತಿಹೊಮಿರನನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲೆ ಕೂತು, ಮುಂದಿನ ರೀಲನ್ನು ಪಳಗಿದ ಕೈಯಿಂದ ಎತ್ತಿಕೊಂಡ. ಹೋಗುವಾಗ ಬಾಗಿಲು ಹಾಕಿಕೊಂಡು ಹೋಗು, ಬೆಳಕು ಬೀಳುತ್ತದೆ ಎಂದ. ತಿಹೊಮಿರ್ ಹೊಸಿಲು ದಾಟುವಾಗ, ತಿರುಗಿ ನೋಡದೆಯೇ ಇನ್ನೊಂದು ಮಾತು ಸೇರಿಸಿದ.

"ಇಷ್ಟು ಸತ್ಯವಂತರ ಊರಲ್ಲಿ ನೀನೊಬ್ಬ ಹೇಗೆ ಹುಟ್ಟಿದೆಯೋ."